ಒದೆಯುವ ಕೋವಿಗೆ ದುರ್ಬೀನು

ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಓದಿದ ಹುಡುಗರು ತರಗತಿಯಲ್ಲಿ ಆಗಾಗ ಕೇಳುವ ಪ್ರಶ್ನೆ: 'ಸಾರ್, ಆತ ತನ್ನ ಕೋವಿಗೆ ದುರ್ಬೀನು ಯಾಕೆ ಹಾಕಿಸಲಿಲ್ಲ?' ಹೊಳಲ್ಕೆರೆ, ಹೊಸದುರ್ಗದ ನರಭಕ್ಷಕನ ಮೇಲೂ ಬರೆದವನಾದ್ದರಿಂದ ದಾವಣಗೆರೆ ಮಕ್ಕಳಿಗೆ ಆತ ಪಕ್ಕದೂರಿನವನಿದ್ದಂತೆ.

ಉತ್ತರ ಸರಳ. ಆತನದು .405 ವಿಂಚೆಸ್ಟರ್. ಅದರ ಖಾಲಿ ತೋಟಾ ಮೇಲ್ಮುಖವಾಗಿ ಹಾರುತ್ತದೆ. ದುರ್ಬೀನು ಕೂರಬೇಕಾದ ಜಾಗವೂ ಅದೇ. ಆದರೆ ನನ್ನ ಕುತೂಹಲ ಬೇರೆ. ಹಾಕಿಸಿದ್ದರೆ ಆತನ ಹುಬ್ಬಿನ ಗತಿ ಏನಾಗುತ್ತಿತ್ತು?

ಲೆಕ್ಕ ಹಾಕೋಣ. ಗುಂಡಿನ ತೂಕ ಸುಮಾರು 19 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಕೋವಿ 3.7 ಕಿಲೋ ಎಂದು ಹಿಡಿಯಿರಿ. ನ್ಯೂಟನ್ನನ ಮೂರನೇ ನಿಯಮದಂತೆ ಗುಂಡು ಮುಂದೆ ಹೋದಷ್ಟೇ ಸಂವೇಗದಲ್ಲಿ ಕೋವಿ ಹಿಂದೆ ಬರಬೇಕು. ಅಂದರೆ ಸೆಕೆಂಡಿಗೆ ಸುಮಾರು 3.5 ಮೀಟರ್. ನಳಿಗೆಯಿಂದ ನುಗ್ಗುವ ಅನಿಲದ ತಳ್ಳು ಇದರ ಮೇಲೆ. ಕಣ್ಣಿನೆದುರಿಗಿರುವ ಲೋಹದ ಅಂಚು ಆ ವೇಗದಲ್ಲಿ ಬಂದು ಬಡಿದರೆ ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಗಾಯ ಖಚಿತ. ಬೇಟೆಗಾರರಲ್ಲಿ ಈ ಗುರುತು ಹೊತ್ತವರು ಎಲ್ಲ ದೇಶಗಳಲ್ಲೂ ಇದ್ದಾರೆ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆ ಅಪರಾಧ. ಇಲ್ಲಿ ಹೇಳುತ್ತಿರುವುದು ಭೌತಶಾಸ್ತ್ರ ಮಾತ್ರ.)

ಶಾಲೆಯ ಸೂಕ್ಷ್ಮದರ್ಶಕಕ್ಕೆ ಕಣ್ಣನ್ನು ತಾಗಿಸಿದಂತೆ ಇಟ್ಟು ನೋಡುತ್ತೇವೆ. ಕೋವಿಯ ದುರ್ಬೀನಿನ ಮಸೂರಗಳನ್ನು ಸುಮಾರು 9 ಸೆಂಟಿಮೀಟರ್ ಹಿಂದಿನಿಂದಲೂ ಪೂರ್ತಿ ವೃತ್ತ ಕಾಣುವಂತೆ ಜೋಡಿಸಿರುತ್ತಾರೆ. ಈ ದೂರವೇ ಕಣ್ಣಿಗೆ ರಕ್ಷೆ. ಅದನ್ನು ಅಳತೆಪಟ್ಟಿ ಹಿಡಿದು ಅಳೆಯುವುದಲ್ಲ. ಖಾಲಿ ಕೋವಿಗೆ ದುರ್ಬೀನನ್ನು ಸಡಿಲವಾಗಿ ಕೂರಿಸಿ, ಆದಷ್ಟು ಮುಂದಕ್ಕೆ ತಳ್ಳಿ, ಕಣ್ಣು ಮುಚ್ಚಿಕೊಂಡು ಕೋವಿಯನ್ನು ಭುಜಕ್ಕೇರಿಸಬೇಕು. ಕೆನ್ನೆ ಸಹಜವಾಗಿ ಎಲ್ಲಿ ಕೂರುತ್ತದೋ ಅಲ್ಲಿ ಕೂತ ಮೇಲೆ ಕಣ್ಣು ಬಿಡಬೇಕು. ಅಂಚಿನಲ್ಲಿ ಕಪ್ಪು ನೆರಳು ಕಂಡರೆ ದುರ್ಬೀನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬೇಕೇ ಹೊರತು ಕತ್ತನ್ನು ಮುಂದಕ್ಕೆ ಚಾಚಬಾರದು. ವೃತ್ತ ಪೂರ್ತಿ ಕಂಡ ಕೂಡಲೇ ನಿಲ್ಲಿಸಬೇಕು. ವರ್ಧನೆ ಹೆಚ್ಚಿಸಿದಾಗ ಅನೇಕ ದುರ್ಬೀನುಗಳಲ್ಲಿ ಈ ದೂರ ಕುಗ್ಗುತ್ತದೆ. ಆದ್ದರಿಂದ ಪರೀಕ್ಷೆ ಗರಿಷ್ಠ ವರ್ಧನೆಯಲ್ಲೇ ನಡೆಯಬೇಕು. ನೆಲದ ಮೇಲೆ ಬೋರಲು ಮಲಗಿ ಗುರಿ ಹಿಡಿದರೆ ಮುಖ ಇನ್ನೂ ಹತ್ತಿರ ಸರಿಯುತ್ತದೆ. ಅದನ್ನೂ ನೋಡಿಕೊಳ್ಳದವನು ಪೆಟ್ಟು ತಿನ್ನುತ್ತಾನೆ.

ಇದನ್ನೆಲ್ಲ ನಾನು ಒಮ್ಮೆ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ, ಲೇತಿನ ಪಕ್ಕ ನಿಂತು ಹೇಳಬೇಕಾಯಿತು. ಶೆಡ್ಡಿನ ಯಜಮಾನರ ಮಗ ನನ್ನ ವಿದ್ಯಾರ್ಥಿ, ಹತ್ತನೇ ತರಗತಿ. 'ಪುಸ್ತಕದ ಲೆಕ್ಕ ಮೆಷಿನ್ನಿಗೆ ಬರಲ್ಲ ಸಾರ್. ಪರೀಕ್ಷೆ ಮುಗೀಲಿ, ಇವನನ್ನ ಇಲ್ಲೇ ನಿಲ್ಲಿಸ್ಕೋತೀನಿ' ಎಂದು ಅವರು ತೀರ್ಮಾನಿಸಿಯಾಗಿತ್ತು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ನಾನು ದುರ್ಬೀನು ಹಿಡಿದಿಡುವ ಎರಡು ಬಳೆಗಳ ಚಿತ್ರ ಬರೆದೆ. ಅವರು ನೋಡಿದ ತಕ್ಷಣ, 'ಎರಡರ ಸೆಂಟರೂ ಒಂದೇ ಗೆರೇಲಿ ಇರ್ಬೇಕು, ಇಲ್ಲಾಂದ್ರೆ ಕೊಳವೆ ಸೊಟ್ಟಗಾಗುತ್ತೆ. ಸ್ಕ್ರೂ ತೂತಲ್ಲಿ ಎಣ್ಣೆ ಜಿಡ್ಡು ಇರ್ಬಾರ್ದು, ಒಂದೇ ಸಲ ಬಿಗೀಬಾರ್ದು' ಎಂದರು. ಎಷ್ಟು ಸರಿ! ಆದರೆ ಆ ಸ್ಕ್ರೂಗಳ ಮೇಲೆ ಬೀಳುವ ಭಾರ ಎಷ್ಟು ಎಂದು ಕೇಳಿದಾಗ ಸುಮ್ಮನಾದರು.

ಹುಡುಗ ಸೀಮೆಸುಣ್ಣ ತೆಗೆದುಕೊಂಡ. ಗುಂಡು ನಳಿಗೆ ದಾಟಲು ಸುಮಾರು ಎರಡು ಮಿಲಿಸೆಕೆಂಡು. ಅಷ್ಟರಲ್ಲಿ ಕೋವಿಗೆ 3.5 ಮೀಟರ್ ವೇಗ ಬರಬೇಕಾದರೆ ವೇಗೋತ್ಕರ್ಷ ಗುರುತ್ವದ ನೂರೆಂಬತ್ತು ಪಟ್ಟು. ದುರ್ಬೀನು ಅರ್ಧ ಕಿಲೋ. ಎಂದರೆ ತೊಂಬತ್ತು ಕಿಲೋ ಭಾರ ಜೋತು ಬಿದ್ದಂತೆ.

'ಒಂದು ಕ್ವಿಂಟಾಲ್ ಮೆಕ್ಕೆಜೋಳಕ್ಕೆ ಹತ್ತೇ ಕಿಲೋ ಕಮ್ಮಿ!' ಎಂದು ಯಜಮಾನರು ಲೇತನ್ನು ಆಫ್ ಮಾಡಿದರು. 'ಸ್ಕ್ರೂ ನಾಲ್ಕು ಹಾಕಿದ್ರೆ ಒಂದೊಂದಕ್ಕೆ ಎಷ್ಟು ಬೀಳುತ್ತಪ್ಪಾ? ಅದನ್ನೂ ಬರಿ, ನೋಡಾಣ.'