ಕವಡೆ ಕಾಸಿನ ಬೆಲೆ

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಬಹುಕಾಲದಿಂದ ಒಂದು ಹರಿದ ಸರ ಬಿದ್ದಿತ್ತು. ಅದು ನಮ್ಮ ಅಜ್ಜಿಯವರದು. ಒಂಬತ್ತು ಹಳೆಯ ರೂಪಾಯಿಗಳಿಗೆ ಕೊಂಡಿ ಬೆಸೆದು ಕರಿಯ ದಾರದಲ್ಲಿ ಪೋಣಿಸಿದ್ದು. ಅದನ್ನು ಕರಗಿಸಿದರೆ ಮಗಳಿಗೆ ಕಾಲುಗೆಜ್ಜೆಯಾದೀತೆಂದು ನಾವು ಅಕ್ಕಸಾಲಿಗನ ಬಳಿಗೆ ಒಯ್ದೆವು. ಅವನು ನಾಣ್ಯಗಳ ಇಸವಿ ನೋಡಿ ಐದನ್ನು ಒಂದು ಕಡೆ, ನಾಲ್ಕನ್ನು ಇನ್ನೊಂದು ಕಡೆ ಇಟ್ಟನು. 1940ಕ್ಕೆ ಹಿಂದಿನ ರೂಪಾಯಿಯ ತೂಕ ಒಂದು ತೊಲ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಂತೂ ಬರಿಯ ನಿಕ್ಕಲ್. "ಈ ಐದು ಸರಿ, ಆ ನಾಲ್ಕಕ್ಕೆ ಕವಡೆ ಕಾಸಿನ ಬೆಲೆಯೂ ಇಲ್ಲ" ಎಂದನು.

ನಮ್ಮ ಮನೆಯವರಿಗೆ ಆ ಮಾತು ರುಚಿಸಲಿಲ್ಲ. ಸಂಡೂರಿನ ಕಡೆಯ ಲಂಬಾಣಿ ಹೆಂಗಸರು ಹಳೆಯ ನಾಣ್ಯಗಳನ್ನು ಪೋಣಿಸಬಲ್ಲರೆಂದು ಅವರು ಕೇಳಿದ್ದರು. ಹೇಗೂ ಹಂಪಿಗೆ ಹೊರಟಿದ್ದೆವು; ಸರವನ್ನೂ ಕಟ್ಟಿಕೊಂಡೆವು.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಎರಡು ಕಡೆಯೂ ಬೆಟ್ಟಗಳು. ಮಳೆಗಾಲದಲ್ಲಿ ಹಸುರು, ಅದಿರು ಅಗೆದ ಕಡೆ ರಕ್ತದಂಥ ಕೆಂಪು. ಊರಿನಾಚೆ ಒಂದು ತಾಂಡಾ. ಲಂಬಾಣಿಗಳ ಹಿರಿಯರು ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶವೆಲ್ಲ ಸಂಚರಿಸಿದವರು. ರೈಲು ಬಂದ ಮೇಲೆ ಆ ವ್ಯಾಪಾರ ನಿಂತಿತು. ಸಂಚಾರಿಗೆ ಬೀರುವೆಲ್ಲಿಂದ ಬರಬೇಕು? ಕೂಡಿಟ್ಟ ಧನವೆಲ್ಲ ಹೆಂಗಸರ ಮೈಮೇಲಿನ ಒಡವೆಯೇ. ಕೊರಳಿಗೆ ಹಾಸಲಿ, ಕೂದಲಿಗೆ ಘುಗರಿ, ಮೂಗಿಗೆ ಭುರಿಯಾ, ತೋಳಿನುದ್ದಕ್ಕೂ ಬಳಿಯಾ. ಈ ಬಳೆಗಳು ಹಿಂದೆ ದಂತದವು, ಈಗ ಪ್ಲಾಸ್ಟಿಕ್ಕಿನವು.

ಒಂದು ಮನೆಯ ಜಗುಲಿಯ ಮೇಲೆ ವಯಸ್ಸಾದ ಹೆಂಗಸೊಬ್ಬಳು ಹೊಲಿಯುತ್ತ ಕುಳಿತಿದ್ದಳು. ಆಕೆಯ ಮುಂದಿನ ಮೊರದಲ್ಲಿ ಹರಿದ ಲಂಗದ ತುಂಡು, ಬಣ್ಣದ ನೂಲು, ಕನ್ನಡಿ ಚೂರು, ಮಣಿ, ಕವಡೆ, ಚಲಾವಣೆ ತಪ್ಪಿದ ಪೈಸೆಗಳು. 1968ರಲ್ಲಿ ಹೊರಟ, ಕಮಲದ ಚಿತ್ರದ ಹಳದಿ ಇಪ್ಪತ್ತು ಪೈಸೆಯನ್ನು ವಾಚಕರಲ್ಲಿ ಹಿರಿಯರು ಬಲ್ಲರು. 2011ರ ಜೂನ್ ಕೊನೆಗೆ ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಚಿಕ್ಕವೂ ಪೇಟೆಯಲ್ಲಿ ಸತ್ತುಹೋದವು. ಅವು ಇಲ್ಲಿ ಬದುಕಿದ್ದವು! ಕವಡೆಯೂ ಒಂದು ಕಾಲಕ್ಕೆ ನಾಣ್ಯವೇ ಆಗಿತ್ತಷ್ಟೆ. ಆಕೆ ಕವಡೆಯ ಬೆನ್ನನ್ನು ಕಲ್ಲಿಗೆ ಉಜ್ಜಿ ತೆಗೆಯುವಳು. ಆಗ ಅದು ಬಟ್ಟೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಸೂಜಿಗೂ ದಾರಿಯಾಗುತ್ತದೆ. ಹಳೆಯ ಬಟ್ಟೆಯನ್ನು ಮೂರು ಪದರವಾಗಿ ಮಡಿಸಿ ಹೊಲಿದ ಪಟ್ಟಿಯೇ ಹಾರದ ತಳಹದಿ. ನಾಣ್ಯಗಳು ಅದರ ಅಂಚಿಗೆ ತೂಗುತ್ತವೆ. ಕೊನೆಗೆ ನೂಲಿನ ಕುಚ್ಚು.

ಆಕೆಯ ಕೊರಳಲ್ಲಿ ಅಂಥದೇ ಹಾರವಿತ್ತು; ಬೆಳ್ಳಿಯೊಂದೂ ಕಾಣಲಿಲ್ಲ. ನಮ್ಮ ಮನೆಯವರು ಮೆಲ್ಲನೆ ಕಾರಣ ಕೇಳಿದರು.

"ಒಂದು ವರ್ಷ ಮಳೆ ಹೋತವ್ವಾ," ಎಂದಳಾಕೆ. "ಹಾಸಲಿ, ಘುಗರಿ ಎಲ್ಲಾ ಒತ್ತೆ ಇಟ್ವಿ. ತಿರುಗಿ ಬಿಡಿಸ್ಕೊಳ್ಳಾಕ ಆಗಲಿಲ್ಲ. ಕವಡಿ, ಪೈಸಾ ಯಾರು ಒತ್ತೆ ಹಿಡೀತಾರ? ಹಂಗಾಗಿ ಇವು ಉಳಕೊಂಡ್ವು. ಮಗಳ ಮದುವಿಗೆ ಇವನ್ನೇ ಹೊಲಿದು ಹಾಕಿದೆ."

"ಹಾಗಾದರೆ ಇವೇ ಮೇಲು" ಎಂದು ನಾವು ತಿಳಿದವರಂತೆ ನುಡಿದೆವು.

ಆಕೆ ನಕ್ಕುಬಿಟ್ಟಳು. "ಹಾಸಲಿ ಇದ್ದಿದ್ರ ಅದನ್ನ ಹಾಕ್ಕೊಂತಿದ್ದೆ, ಯಪ್ಪಾ!"

ನಮಗೆ ನಾಚಿಕೆಯಾಯಿತು. ಬಡತನವನ್ನು ದೂರದಿಂದ ಹೊಗಳುವುದು ಸುಲಭ. ಆಕೆ ಕಳೆದುಕೊಂಡದ್ದು ನಷ್ಟವೇ ಸರಿ. ಆದರೆ ಸಾಹುಕಾರನು ಬೇಡವೆಂದು ತಳ್ಳಿದ್ದನ್ನೇ ಕೂಡಿಸಿ ಮಗಳನ್ನು ಬರಿಗೊರಳಲ್ಲಿ ಕಳುಹಿಸದೆ ಉಳಿಸಿಕೊಂಡ ಮಾನವಿದೆಯಲ್ಲ, ಅದಕ್ಕೆ ಯಾವ ತಕ್ಕಡಿಯಿದೆ? ಆ ಕೈಯ ವಿದ್ಯೆಯನ್ನು ಒತ್ತೆಯಿಡಲು ಬಾರದು. ಇಂದು ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮನ್ನಣೆಯಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಈ ಹೆಂಗಸರು ಮಾಡಿದ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಅದೇ ವಿದ್ಯೆ ಈಗ ಎಷ್ಟೋ ಮನೆಗಳಿಗೆ ಕೂಲಿ ತರುತ್ತಿದೆ.

ನಮ್ಮ ಸರವನ್ನು ಆಕೆಯ ಕೈಗಿತ್ತೆವು. ಆಕೆ ಇಸವಿ ನೋಡಲಿಲ್ಲ. ಕೊಂಡಿ ಗಟ್ಟಿಯಿದೆಯೆ ಎಂದಷ್ಟೇ ಎಳೆದು ನೋಡಿದಳು. ಎರಡು ನಾಣ್ಯಗಳ ನಡುವೆ ಒಂದೊಂದು ಕವಡೆಯಿಟ್ಟು ಸಂಜೆಯೊಳಗೆ ಹೊಲಿದು ಮುಗಿಸಿದಳು. ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಟ್ಟೆವು.

ಈಗ ಹಬ್ಬದ ದಿನ ಅದು ನಮ್ಮ ಮಗಳ ಕೊರಳಲ್ಲಿರುತ್ತದೆ. ಬೆಳ್ಳಿ ಯಾವುದು, ನಿಕ್ಕಲ್ ಯಾವುದು ಎಂದು ಅವಳು ಇದುವರೆಗೂ ಕೇಳಿಲ್ಲ, ನಾವೂ ಹೇಳಿಲ್ಲ.