ಹುಣಸೆಬೀಜದ ಅಂಕಗಳು



ಕೊಣ್ಣೂರಿನಲ್ಲಿ ನಾವು ಹನ್ನೆರಡು ಮಂದಿ ನಿವೃತ್ತರು ತಿಂಗಳಿಗೊಮ್ಮೆ ಯಾರದಾದರೂ ಮನೆಯ ಪಡಸಾಲೆಯಲ್ಲಿ ಸೇರಿ, ಬರೆದದ್ದನ್ನು ಪರಸ್ಪರ ಓದಿ ಹೇಳುವ ರೂಢಿ ಇಟ್ಟುಕೊಂಡಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಕಳೆದ ಸಲ ಗೆಳೆಯರೊಬ್ಬರು ಒಂದು ಸೂಚನೆಯನ್ನು ಮುಂದಿಟ್ಟರು. ಓದಿದ ಪ್ರತಿಯೊಂದು ಬರಹಕ್ಕೂ ಉಳಿದವರು ಚೀಟಿಯಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಬರೆದು ಕೊಡಬೇಕು. ವರ್ಷದ ಕೊನೆಗೆ ಹೆಚ್ಚು ಅಂಕ ಪಡೆದವುಗಳನ್ನು ಮಾತ್ರ ಪುಸ್ತಕವಾಗಿ ಅಚ್ಚು ಹಾಕಿಸಬೇಕು. ವೃತ್ತಿಜೀವನವೆಲ್ಲ ಕೆಂಪು ಶಾಯಿಯಲ್ಲಿ ಅಂಕ ಹಾಕಿದ ನಾನು ಇದನ್ನು ಬೆಂಬಲಿಸುವೆನೆಂದೇ ಎಲ್ಲರೂ ಎಣಿಸಿದ್ದರು. ನಾನು ಒಪ್ಪಲಿಲ್ಲ. ಕಾರಣವನ್ನು ಅಲ್ಲಿ ಪೂರ್ತಿಯಾಗಿ ಹೇಳಲು ನಾಲಿಗೆ ಏಳಲಿಲ್ಲ, ಇಲ್ಲಿ ಹೇಳುತ್ತೇನೆ.

1992ರ ಸುಮಾರಿನ ಮಾತು. ಬಿ.ಎಡ್. ಮುಗಿಸಿ ಕೆಲವೇ ವರ್ಷಗಳಾಗಿದ್ದವು. ಹೊಸ ಪ್ರಯೋಗಗಳ ಹುಚ್ಚು. ಒಂಬತ್ತನೆಯ ತರಗತಿಯ ಮಕ್ಕಳಿಂದ ಕೈಬರಹದ ಪತ್ರಿಕೆಯೊಂದನ್ನು ತರಿಸುತ್ತಿದ್ದೆ. ಯಾವ ಬರಹ ಉತ್ತಮವೆಂದು ಮಕ್ಕಳೇ ತೀರ್ಮಾನಿಸಲಿ, ಪ್ರಜಾಪ್ರಭುತ್ವದ ಪಾಠವೂ ಆದೀತು ಎಂದುಕೊಂಡು, ಪ್ರತಿಯೊಬ್ಬರಿಗೂ ಐದೈದು ಹುಣಸೆಬೀಜ ಕೊಟ್ಟೆ. ಬರಹಕ್ಕೊಂದರಂತೆ ಖಾಲಿ ಡಬ್ಬಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೆಚ್ಚಿದ್ದಕ್ಕೆ ಬೀಜ ಹಾಕುವುದು, ಶನಿವಾರ ಎಲ್ಲರೆದುರು ಎಣಿಸುವುದು.

ಎರಡೇ ತಿಂಗಳಲ್ಲಿ ಬೀಜಗಳು ಬೇರೆಯೇ ಪಾಠ ಕಲಿಸಿದವು. ತುಂಬಿದ ಡಬ್ಬಿಗೇ ಮತ್ತಷ್ಟು ಬೀಜ ಬೀಳುತ್ತಿದ್ದವು. ಸದ್ದು ಕೇಳಿಯೇ ಯಾವುದು ಮುಂದಿದೆಯೆಂದು ಮಕ್ಕಳು ಹೇಳುತ್ತಿದ್ದರು. ಒಂದೇ ಓಣಿಯವರು ತಮ್ಮ ಓಣಿಯವನಿಗೇ ಹಾಕಿದರು. ನಗೆಹನಿಗಳ ಮುಂದೆ ಉಳಿದ ಬರಹಗಳು ನಿಲ್ಲಲಾಗಲಿಲ್ಲ. ಪತ್ರಿಕೆಯ ತುಂಬ ನಗೆಹನಿಗಳೇ ಆದವು.

ಗೋಕಾಕ ಫಾಲ್ಸಿನ ನೂಲಿನ ಗಿರಣಿ 1887ರಷ್ಟು ಹಳೆಯದು. ನನ್ನ ತರಗತಿಯಲ್ಲಿಯೂ ಗಿರಣಿಯ ಕೆಲಸಗಾರರ ಮಕ್ಕಳಿದ್ದರು. ಅವರಲ್ಲೊಬ್ಬ, ಸದಾ ಹಿಂದಿನ ಬೆಂಚಿನಲ್ಲಿ ಕೂಡುವವನು, ರಾತ್ರಿ ಪಾಳಿ ಮುಗಿಸಿ ಬಂದ ತಂದೆಯ ಕೂದಲಿನಲ್ಲಿ ಸಿಕ್ಕಿಕೊಂಡ ಹತ್ತಿಯ ಎಳೆಗಳನ್ನು ತಾಯಿ ಒಂದೊಂದಾಗಿ ಆರಿಸುವುದನ್ನು ಒಂದು ಪುಟದಲ್ಲಿ ಬರೆದಿದ್ದ. ಓದಿ ನನ್ನ ಗಂಟಲು ಕಟ್ಟಿತ್ತು. ಎಣಿಕೆಯ ದಿನ ಅವನ ಡಬ್ಬಿಯಲ್ಲಿ ಒಂದೇ ಬೀಜ. "ಅದನ್ನ ಅವನ ಹಾಕ್ಕೊಂಡಾನ್ರಿ ಸರ್" ಎಂದು ಯಾರೋ ಕೂಗಿದರು, ತರಗತಿ ನಕ್ಕಿತು. ನಾನು ಬೀಜ ಹಾಕಿರಲಿಲ್ಲ. ಗುರುವಾದವನು ನಿಷ್ಪಕ್ಷಪಾತಿಯಾಗಿರಬೇಕೆಂಬುದು ನನ್ನ ಅಂದಿನ ನಿಯಮ! ಆ ಹುಡುಗ ಮತ್ತೆ ಪತ್ರಿಕೆಗೆ ಬರೆಯಲಿಲ್ಲ. ಹತ್ತು ವರ್ಷಗಳ ತರುವಾಯ ಘಟಪ್ರಭಾ ರೈಲು ನಿಲ್ದಾಣದಲ್ಲಿ ಭೇಟಿಯಾದಾಗ ಬರವಣಿಗೆಯ ಬಗ್ಗೆ ಕೇಳಿದೆ. "ನಿಮಗೂ ಸೇರಿರಲಿಲ್ಲಲ್ರಿ ಸರ್" ಎಂದ. ಅಷ್ಟರಲ್ಲಿ ಗಾಡಿ ಬಂದಿತು.

ಸೂಚನೆ ತಂದ ಗೆಳೆಯರ ವಾದವೂ ಸುಳ್ಳಲ್ಲ. ನಮ್ಮ ಸೀಮೆ ಶ್ರೀಕೃಷ್ಣ ಪಾರಿಜಾತದ ಸೀಮೆ. ಕುಲಗೋಡ ತಮ್ಮಣ್ಣನ, ಕೌಜಲಗಿ ನಿಂಗಮ್ಮನ ಸೀಮೆ. ಆಟದ ನಡುವೆ ಮೆಚ್ಚಿದವರು ಎದ್ದು ಹೋಗಿ ಆಯೇರಿ ಮಾಡುತ್ತಾರೆ, ಹೆಸರು ಮತ್ತು ಮೊತ್ತವನ್ನು ಕೂಗಿ ಹೇಳಲಾಗುತ್ತದೆ. "ಇದೂ ಅಂಕವೇ ಅಲ್ಲವೇ?" ಎಂದು ಅವರು ಕೇಳಿದರು. ಅಂಕವೇ. ಆದರೆ ಆಯೇರಿ ಕೊಡುವವನು ದೀಪದ ಬೆಳಕಿನಲ್ಲಿ ನಿಂತು ತನ್ನ ಕಿಸೆಯಿಂದ ಕೊಡುತ್ತಾನೆ. ಅದರಿಂದ ಕಲಾವಿದನ ಮನೆಯ ಒಲೆ ಉರಿಯುತ್ತದೆ. ಹಿಮ್ಮೇಳದಲ್ಲಿ ದನಿಗೂಡಿಸುವವನಿಗೆ ಏನೂ ಬಾರದಿರಬಹುದು, ಆದರೆ ಅವನಿಗೆ ಸೊನ್ನೆ ಬಂತೆಂದು ಯಾರೂ ಕೂಗುವುದಿಲ್ಲ. ಹೆಸರಿಲ್ಲದ ಚೀಟಿಗೆ ಈ ಗುಣಗಳಿಲ್ಲ.

ಪ್ರಾಚೀನ ಅಥೆನ್ಸಿನಲ್ಲಿ ನಾಟಕಗಳಿಗೆ ಬಹುಮಾನ ಕೊಡಲು ಹತ್ತು ಜನ ತೀರ್ಪುಗಾರರಿರುತ್ತಿದ್ದರು. ಸೊಫೊಕ್ಲಿಸ್‌ನ ದೊರೆ ಈಡಿಪಸ್ ನಾಟಕವಿದ್ದ ಗುಚ್ಛಕ್ಕೆ ದೊರೆತದ್ದು ಎರಡನೆಯ ಸ್ಥಾನ. ಮೊದಲನೆಯ ಸ್ಥಾನ ಪಡೆದ ಫಿಲೊಕ್ಲಿಸ್‌ನ ಒಂದು ನಾಟಕವೂ ಇಂದು ಉಳಿದಿಲ್ಲ.

ಅಂಕಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಎಸ್.ಎಸ್.ಎಲ್.ಸಿ.ಯ 625 ಅಂಕಗಳಿಗೆ ಮಾದರಿ ಉತ್ತರವಿದೆ, ಅಪರಿಚಿತ ಮೌಲ್ಯಮಾಪಕನಿದ್ದಾನೆ, ಮರುಎಣಿಕೆಯೂ ಇದೆ. ಕೇಂದ್ರ ಮಂಡಳಿಯವರು 2010ರಲ್ಲಿ ಹತ್ತನೆಯ ತರಗತಿಗೆ ಅಂಕ ಬಿಟ್ಟು ಶ್ರೇಣಿ ಕೊಟ್ಟು, 2018ರಲ್ಲಿ ಮತ್ತೆ ಅಂಕಕ್ಕೇ ಮರಳಿದರು. ಸಾವಿರಾರು ಅಪರಿಚಿತರ ನಡುವೆ ಜೊಳ್ಳು ತೂರಲು ಇಂಥದೊಂದು ಮೊರ ಬೇಕಾದೀತು. ಆದರೆ ಒಂದೇ ಚಾಪೆಯ ಮೇಲೆ ಕೂತು ಚಹಾ ಕುಡಿಯುವ ಹನ್ನೆರಡು ಜನರಿಗೆ ಅದೇಕೆ?

ನನ್ನ ಪರ್ಯಾಯವೂ ಅಷ್ಟೇನೂ ಗೆದ್ದಿಲ್ಲ. ಬೀಜಗಳನ್ನು ಎಸೆದ ಮರುವರ್ಷ, ಓದಿದವರು ತಮಗೆ ನೆನಪುಳಿದ ಒಂದು ಮಾತನ್ನು ಹೆಸರು ಹಾಕಿ ಬರೆಯಬೇಕೆಂದು ನಿಯಮ ಮಾಡಿದೆ. ಮೂರ್ನಾಲ್ಕು ಮಕ್ಕಳು ಮಾತ್ರ ಬರೆದರು. ಬೀಜ ಹಾಕುವುದು ಸುಲಭ, ಓದುವುದು ಕಷ್ಟ. ಆದರೂ ಆ ಮೂರ್ನಾಲ್ಕು ಸಾಲುಗಳನ್ನು ಬರೆದವರು ಮಡಿಚಿ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಕೊನೆಗೆ ನಮ್ಮ ಕೂಟವು ಚೀಟಿಗಳನ್ನು ಕೈಬಿಟ್ಟಿತು. ಏಳಕ್ಕೆ ಐದು. ಅದನ್ನೂ ಕೈ ಎತ್ತಿಸಿ ಎಣಿಸಿಯೇ ತೀರ್ಮಾನಿಸಿದೆವು ಎಂದು ನನ್ನ ಶ್ರೀಮತಿಯವರು ಇನ್ನೂ ನಗುತ್ತಾರೆ.

ಮುಂದಿನ ತಿಂಗಳು ಓದುವ ಸರದಿ ನನ್ನದು. ಹತ್ತಿಯ ಎಳೆಗಳ ಆ ಪುಟ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅದನ್ನು ಕೂಟದಲ್ಲಿ ಓದಲು ಅನುಮತಿ ಕೇಳಿ ಅವನಿಗೆ ಪತ್ರ ಬರೆದಿದ್ದೇನೆ. ಅಂದು ನನಗೆ ಏನನ್ನಿಸಿತ್ತೆಂಬುದನ್ನೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.