ಕಾಲು ಕಿಲೋ ಮೌನ

ಕಳೆದ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಉಡುಪಿಗೆ ಬಂದ ಮಗ ಒಂದು ಹೆಡ್‌ಫೋನ್ ತಂದಿದ್ದ. ವೈರ್ ಇಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಎರಡು ದಪ್ಪ ಮೆತ್ತೆಗಳು. "ಇದು ಹೊರಗಿನ ಸದ್ದನ್ನು ನುಂಗಿಬಿಡುತ್ತದೆ ಅಪ್ಪ. ಇನ್ನು ನೀವು ಸ್ಪೀಕರ್ ಅಷ್ಟು ಜೋರಾಗಿ ಇಡಬೇಕಾಗಿಲ್ಲ" ಎಂದ. ಈ ಮಾತನ್ನು ಅವನ ಬಾಯಲ್ಲಿ ಆಡಿಸಿದವಳು ನನ್ನ ಹೆಂಡತಿ ಎಂದು ನನಗೆ ಗೊತ್ತಿತ್ತು. ನಾನು ತಾಳಮದ್ದಲೆ ಕೇಳಲು ಕುಳಿತರೆ ಪಕ್ಕದ ಮನೆಯವರಿಗೂ ಪ್ರಸಂಗ ಬಾಯಿಪಾಠವಾಗುತ್ತದೆ ಎಂಬುದು ಅವಳ ಹಳೆಯ ದೂರು.

ಹದಿನೈದು ದಿನ ಬಳಸಿ ನೋಡಿ, ಬೇಡವಾದರೆ ನಾನೇ ಇಟ್ಟುಕೊಳ್ಳುತ್ತೇನೆ ಎಂದು ಮಗ ಹೊರಟ. ಐದನೇ ತರಗತಿ ಮುಗಿಸಿದ ಮೊಮ್ಮಗಳು ರಜೆಗೆಂದು ನಮ್ಮಲ್ಲೇ ಉಳಿದಳು. ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದು, 'ಆರಾಮ', 'ಸದ್ದು' ಎಂದು ಎರಡು ಕಾಲಂ ಮಾಡಿ, ಹತ್ತಕ್ಕೆ ಅಂಕ ಕೊಡಬೇಕೆಂದು ನನಗೆ ತಾಕೀತು ಮಾಡಿದಳು. ಮೂವತ್ತೆರಡು ವರ್ಷ ಮೇಷ್ಟರಾಗಿದ್ದವನಿಗೆ ಅಂಕ ಕೊಡುವುದು ಹೇಳಿಕೊಡಬೇಕೇ!

ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆವು. 254 ಗ್ರಾಂ. ತಲೆಯ ಮೇಲೆ ಕಾಲು ಕಿಲೋ! ಅರ್ಧ ಗಂಟೆ ಏನೂ ಅನ್ನಿಸಲಿಲ್ಲ, ಆಮೇಲೆ ನಡುನೆತ್ತಿ ನೋಯತೊಡಗಿತು. ಇನ್ನೊಂದು ತೊಂದರೆ ನನ್ನ ಕನ್ನಡಕದ್ದು. ಅದರ ದಪ್ಪ ಕಡ್ಡಿ ಮೆತ್ತೆಯ ಕೆಳಗೆ ಸಿಕ್ಕಿ ಸಂದು ಉಳಿಯುತ್ತಿತ್ತು. ಆ ಸಂದಿಯಿಂದ ಹೊರಗಿನ ಸದ್ದು ಒಳಗೆ ಬರುತ್ತದೆ, ಮದ್ದಲೆಯ ಗುಂಕಾರ ಹೊರಗೆ ಹೋಗುತ್ತದೆ. ಕನ್ನಡಕ ತೆಗೆದರೆ ಎಲ್ಲ ಸರಿ, ಆದರೆ ಪೇಪರು ಓದುವ ಹಾಗಿಲ್ಲ. ಇನ್ನು ನಮ್ಮ ಕರಾವಳಿಯ ಸೆಕೆ! ತೆಗೆದಾಗ ಎರಡೂ ಕಿವಿ ಹಬೆಯಲ್ಲಿ ಬೆಂದ ಪತ್ರೊಡೆಯಂತಾಗಿದ್ದವು. ಆರು ಅಂಕ ಕೊಟ್ಟೆ.

ಸದ್ದಿನ ಪರೀಕ್ಷೆ ಮಾತ್ರ ಬೆರಗು ಹುಟ್ಟಿಸಿತು. ಗುಂಡಿ ಒತ್ತಿದ್ದೇ ತಡ, ಫ್ಯಾನಿನ ಸದ್ದು ಮಾಯ. ಕರೆಂಟ್ ಹೋಯಿತೇ ಎಂದು ತಲೆಯೆತ್ತಿ ನೋಡಿದೆ, ರೆಕ್ಕೆಗಳು ತಿರುಗುತ್ತಲೇ ಇದ್ದವು. ಹೆದ್ದಾರಿಯ ಲಾರಿಗಳ ಮೊರೆತವೂ ಇಲ್ಲ. ಆದರೆ ಕುಕ್ಕರಿನ ಸೀಟಿ ಕೇಳಿತು, ಕಾಗೆ ಕೇಳಿತು, ಒಳಗಿಂದ ಹೆಂಡತಿ ಕರೆದದ್ದೂ ಕೇಳಿತು. "ಅಜ್ಜಿ ದನಿ ನಿಲ್ಸೋಕೆ ಇದಕ್ಕೂ ಆಗಲ್ಲ" ಎಂದು ಮೊಮ್ಮಗಳು ನಕ್ಕಳು.

ಯಾಕೆ ಹೀಗೆ? ಮಕ್ಕಳೇ, ಕೆರೆಯಲ್ಲಿ ಎರಡು ಅಲೆಗಳು ಎದುರಾದಾಗ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದರೆ ಆ ಜಾಗದಲ್ಲಿ ನೀರು ಮಟ್ಟಸವಾಗುತ್ತದೆ. ಹೆಡ್‌ಫೋನಿನ ಪುಟ್ಟ ಮೈಕುಗಳು ಹೊರಗಿನ ಸದ್ದನ್ನು ಆಲಿಸುತ್ತವೆ, ಹೆಡ್‌ಫೋನು ಅದಕ್ಕೆ ತಲೆಕೆಳಗಾದ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಒಂದೇ ಸಮನೆ ಗುಯ್‌ಗುಡುವ ತಗ್ಗುದನಿಗೆ ಇದು ಸುಲಭ. ಚುರುಕಾದ, ಎತ್ತರದ ಸದ್ದಿಗೆ ಅಷ್ಟು ಕರಾರುವಾಕ್ಕಾಗಿ ಎದುರಲೆ ಹೊಂದಿಸುವುದು ಕಷ್ಟ. 1978ರಲ್ಲಿ ಅಮೆರಿಕದ ಪ್ರಾಧ್ಯಾಪಕ ಅಮರ್ ಬೋಸ್ ಜ್ಯೂರಿಚ್‌ನಿಂದ ಬೋಸ್ಟನ್‌ಗೆ ವಿಮಾನದಲ್ಲಿ ಹೋಗುತ್ತಿದ್ದರು. ಅಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಅಬ್ಬರದಿಂದ ಸಂಗೀತ ಸರಿಯಾಗಿ ಕೇಳದೆ, ಕುಳಿತಲ್ಲೇ ಇದರ ಲೆಕ್ಕ ಹಾಕತೊಡಗಿದರಂತೆ. ಅವರ ತಂದೆ ಬಂಗಾಳದಿಂದ ಹೋದವರು. ಅವರ ಕಂಪನಿ ವಿಮಾನ ಚಾಲಕರಿಗಾಗಿ ಅಂಥದ್ದನ್ನು ಮಾರಾಟಕ್ಕೆ ತಂದದ್ದು 1989ರಲ್ಲಿ.

ಮೂರನೆಯ ದಿನ ಇಬ್ಬರೂ ಒಂದೇ ಪದ್ಯವನ್ನು ಸರದಿಯಲ್ಲಿ ಕೇಳಿದೆವು. ಅವಳು ಕಣ್ಣರಳಿಸಿ, "ಭಾಗವತರು ತಾಳ ತಟ್ಟಿದ ಮೇಲೂ ಇಂಯ್... ಅಂತ ಎಷ್ಟು ಹೊತ್ತು ಎಳೆಯುತ್ತೆ ಅಜ್ಜ!" ಎಂದಳು. ನನಗೆ 'ಟಿಣ್' ಎಂದಷ್ಟೇ ಕೇಳಿತ್ತು. ಎಳೆತ ಎಲ್ಲಿದೆ? ಯಂತ್ರವೇ ಸರಿಯಿಲ್ಲ ಎಂದು ಐದು ಅಂಕ ಹಾಕಿಸಿದೆ. ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿ ನೋಡಿದೆ. ಆಗಲೂ ಬರೀ ಟಿಣ್.

ಅವಳು ಏನೂ ಅನ್ನದೆ ರಬ್ಬರಿನಿಂದ ಆ ಐದನ್ನು ಅಳಿಸಿದಳು. ಆಗಲೇ ಕತ್ತಲಾಗಿತ್ತು. ಕಿಟಕಿಯತ್ತ ಕೈ ತೋರಿಸಿ, "ಜೀರುಂಡೆ ಕೇಳಿಸ್ತಾ ಇದೆಯಾ ಅಜ್ಜ?" ಎಂದಳು.

ಹೆದ್ದಾರಿ ಅಗಲವಾದ ಮೇಲೆ ನಮ್ಮಲ್ಲಿ ಜೀರುಂಡೆಗಳೇ ಇಲ್ಲವಾದವು ಎಂದು ಮೂರು ವರ್ಷದಿಂದ ಸಿಕ್ಕಿದವರಿಗೆಲ್ಲ ಹೇಳುತ್ತಾ ಬಂದವನು ನಾನು. ಕೇಳಿದವರು ತಲೆಯಾಡಿಸಿದ್ದರು. ಅವರೆಲ್ಲ ಏನೆಂದುಕೊಂಡರೋ!

ಮರುವಾರ ಕಿವಿಯ ಡಾಕ್ಟರ ಬಳಿ ಹೋದೆ. ಸದ್ದು ಹೋಗದ ಕೋಣೆಯಲ್ಲಿ ಕೂರಿಸಿ, ಅಲ್ಲೂ ಒಂದು ಹೆಡ್‌ಫೋನ್ ತೊಡಿಸಿದರು. ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಒಂದು ಹಂತದ ಮೇಲೆ ಗುಂಡಿ ಸುಮ್ಮನೆ ಕೈಯಲ್ಲೇ ಉಳಿಯಿತು. ಕಾಗದದಲ್ಲಿ ಗೆರೆ ಎಡದಿಂದ ಬಲಕ್ಕೆ ಗುಡ್ಡ ಇಳಿದ ಹಾಗೆ ಇಳಿದಿತ್ತು. ವಯಸ್ಸಾದಂತೆ ಎತ್ತರದ ದನಿಗಳು ಮೊದಲು ಹೋಗುತ್ತವೆ, ಉಳಿದದ್ದನ್ನು ಜೋರು ಸದ್ದಿನಿಂದ ಕೆಡಿಸಿಕೊಳ್ಳಬೇಡಿ ಎಂದ ಡಾಕ್ಟರು ಎರಡೂ ಕಿವಿಗೆ ಶ್ರವಣಯಂತ್ರ ಬರೆದುಕೊಟ್ಟರು.

ಅದನ್ನು ಹಾಕಿಕೊಂಡ ದಿನ ಮೊದಲು ಕೇಳಿದ್ದು ನನ್ನದೇ ಚಪ್ಪಲಿಯ ಸದ್ದು. ಸಂಜೆ ಜಗಲಿಯಲ್ಲಿ ಕುಳಿತೆ. ತೋಟದ ತುಂಬ ಜೀರುಂಡೆ.

ಹೆಡ್‌ಫೋನ್ ಹಿಂದಿರುಗಿಸಲಿಲ್ಲ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಶ್ರವಣಯಂತ್ರ ತೆಗೆದಿಟ್ಟು ಅದನ್ನು ಹಾಕಿಕೊಳ್ಳುತ್ತೇನೆ. ಎಂಜಿನ್ನಿನ ಗದ್ದಲ ಇಲ್ಲದಿರುವುದರಿಂದ ಮೊದಲಿನ ಅರ್ಧದಷ್ಟು ದನಿ ಸಾಕು. ಮೊನ್ನೆ ಮೊಮ್ಮಗಳು ಫೋನ್ ಮಾಡಿ, "ಅಜ್ಜ, ಸದ್ದಿನ ಕಾಲಂ ಇನ್ನೂ ಖಾಲಿ ಇದೆ, ಎಷ್ಟು ಹಾಕ್ಲಿ?" ಎಂದಳು.

ಒಂಬತ್ತು ಹಾಕು ಎಂದೆ.

"ಒಂದು ಯಾಕೆ ಕಡಿಮೆ?"

"ಅಜ್ಜಿ ಕರೆದದ್ದು ಈಗಲೂ ಕೇಳುತ್ತದಲ್ಲ!"